ಕಾವು ಹರಿಯುವ ಹಾದಿ

ಚಳಿಗಾಲದ ಮುಂಜಾನೆ ಬಾಗಿಲು ತೆರೆಯಲೆಂದು ಕಬ್ಬಿಣದ ಚಿಲಕಕ್ಕೆ ಕೈಯಿಟ್ಟರೆ ಅದು ಕೊರೆಯುವಷ್ಟು ತಣ್ಣಗಿರುತ್ತದೆ. ಅದೇ ಬಾಗಿಲಿನ ಮರದ ಹಲಗೆಯನ್ನು ಮುಟ್ಟಿದರೆ ಅಷ್ಟೇನೂ ತಂಪೆನಿಸುವುದಿಲ್ಲ. ಇವೆರಡರಲ್ಲಿ ಹೆಚ್ಚು ತಣ್ಣಗಿರುವುದು ಯಾವುದೆಂದು ಯಾರನ್ನು ಕೇಳಿದರೂ ಚಿಲಕವೆಂದೇ ಉತ್ತರ ಬಂದೀತು. ಆದರೆ ಉಷ್ಣಮಾಪಕವೊಂದನ್ನು ತಂದು ಮೊದಲು ಚಿಲಕಕ್ಕೂ ಅನಂತರ ಹಲಗೆಗೂ ತಾಗಿಸಿ ನೋಡಿದರೆ ಎರಡು ಕಡೆಯೂ ಅದು ಒಂದೇ ಗೆರೆಯನ್ನು ತೋರಿಸುತ್ತದೆ. ತೋರಿಸಲೇಬೇಕು, ರಾತ್ರಿಯೆಲ್ಲ ಎರಡೂ ಒಂದರ ಮಗ್ಗುಲಲ್ಲಿ ಒಂದು ಒಂದೇ ಗಾಳಿಯಲ್ಲಿ ಇದ್ದುವಲ್ಲವೆ? ಕೈ ಸುಳ್ಳು ಹೇಳಿತೆನ್ನುವುದಕ್ಕಿಂತ, ನಾವು ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೊಂದು ಪ್ರಶ್ನೆಗೆ ಉತ್ತರ ಕೊಟ್ಟಿತೆನ್ನುವುದು ಸರಿ.

ನಮ್ಮ ಬೆರಳಿನ ಚರ್ಮ ಸಾಮಾನ್ಯವಾಗಿ ೩೩ ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿರುತ್ತದೆ. ಅದಕ್ಕಿಂತ ತಣ್ಣಗಿರುವ ಯಾವ ವಸ್ತುವನ್ನು ಮುಟ್ಟಿದರೂ ಶಾಖವು ಬೆರಳಿನಿಂದ ಆ ವಸ್ತುವಿಗೆ ಹರಿಯತೊಡಗುತ್ತದೆ. ಕಬ್ಬಿಣವು ತನ್ನ ಮೈಗೆ ಬಂದ ಶಾಖವನ್ನು ಒಡನೆಯೇ ಒಳಕ್ಕೆ ಸಾಗಿಸಿಬಿಡುವುದರಿಂದ ಬೆರಳು ತಾಗಿದ ಜಾಗ ತಣ್ಣಗೇ ಉಳಿದು, ಇನ್ನಷ್ಟು ಶಾಖವನ್ನು ಎಳೆದುಕೊಳ್ಳುತ್ತದೆ. ಮರವು ಹಾಗಲ್ಲ. ಅದರ ಮೇಲ್ಮೈ ಕ್ಷಣಾರ್ಧದಲ್ಲಿ ಬೆಚ್ಚಗಾಗುತ್ತದೆ, ಆದರೆ ಆ ಕಾವು ಒಳಗೆ ಇಳಿಯುವುದಿಲ್ಲ. ಆಮೇಲೆ ಕೈಯಿಂದ ಹರಿಯುವುದು ಅತ್ಯಲ್ಪ. ನಮ್ಮ ನರಗಳು ತಿಳಿಸುವುದು ವಸ್ತುವಿನ ಉಷ್ಣತೆಯನ್ನಲ್ಲ, ನಮ್ಮ ಚರ್ಮದ ಉಷ್ಣತೆ ಎಷ್ಟು ಬೇಗ ಇಳಿಯಿತು ಅಥವಾ ಏರಿತು ಎಂಬುದನ್ನು.

ಮಧ್ಯಾಹ್ನದ ಬಿಸಿಲಿನಲ್ಲಿ ಇದೇ ಕಥೆ ತಿರುಗುಮುರುಗಾಗುತ್ತದೆ. ಕಬ್ಬಿಣವೂ ಮರವೂ ಬಿಸಿಲಿಗೆ ಕಾದು ೬೦ ಡಿಗ್ರಿಗೆ ಬಂದಿವೆಯೆಂದು ಭಾವಿಸೋಣ. ಕಬ್ಬಿಣವನ್ನು ಮುಟ್ಟಿದ ಕ್ಷಣದಲ್ಲಿ ಬೆರಳೂ ಲೋಹವೂ ಕೂಡುವೆಡೆಯ ಉಷ್ಣತೆ ೫೮ ಡಿಗ್ರಿಯಷ್ಟಾಗುತ್ತದೆ. ಮರವನ್ನು ಮುಟ್ಟಿದಾಗಲಾದರೋ ಸುಮಾರು ೪೦ ಡಿಗ್ರಿ ಮಾತ್ರ. ಮೊದಲನೆಯದು ಸುಡುತ್ತದೆ, ಎರಡನೆಯದು ಬರಿಯ ಬಿಸಿ. ನಮ್ಮ ಹಳ್ಳಿಗಳ ಜಾತ್ರೆಗಳಲ್ಲಿ ಭಕ್ತರು ಕೊಂಡ ಹಾಯುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಬೂದಿ ಕವಿದ ಇದ್ದಿಲಿನ ಕೆಂಡವು ಶಾಖವನ್ನು ಬಹು ನಿಧಾನವಾಗಿ ಬಿಟ್ಟುಕೊಡುವ ಪದಾರ್ಥ. ಹಗುರವಾದ್ದರಿಂದ ಅದರಲ್ಲಿ ಅಡಗಿರುವ ಶಾಖವೂ ಕಡಿಮೆ. ಕಾಲು ತಾಗಿರುವುದು ಅರೆಗಳಿಗೆ. ಅದೇ ಕೊಂಡದಲ್ಲಿ ಅಷ್ಟೇ ಕಾದ ಕಬ್ಬಿಣದ ತುಂಡೊಂದು ಬಿದ್ದಿದ್ದರೆ ಒಂದು ಹೆಜ್ಜೆಯೂ ಕ್ಷೇಮವಲ್ಲ. ಕೆಂಡದ ಮೇಲೆ ತಡೆದು ನಿಂತವರ ಅಂಗಾಲು ಸುಟ್ಟಿರುವುದೂ ಉಂಟು. ಆದಕಾರಣ ಇದನ್ನು ಪ್ರಯೋಗವೆಂದು ಯಾರೂ ಮಾಡಿನೋಡತಕ್ಕದ್ದಲ್ಲ.

ಕೈಯನ್ನು ನ್ಯಾಯಾಧೀಶನನ್ನಾಗಿ ಮಾಡುವಂತಿಲ್ಲವೆಂದಮೇಲೆ ಯಾವ ವಸ್ತು ಶಾಖವನ್ನು ಎಷ್ಟು ಚೆನ್ನಾಗಿ ಒಯ್ಯುತ್ತದೆಂಬುದನ್ನು ಗೊತ್ತುಮಾಡುವುದು ಹೇಗೆ? ಇದಕ್ಕೊಂದು ಸರಳವಾದ ಉಪಾಯವನ್ನು ೧೭೮೦ರ ದಶಕದಲ್ಲಿ ಕಾರ್ಯಗತಮಾಡಿದವನು ಯಾನ್ ಇಂಗೆನ್‌ಹೌಸ್ ಎಂಬ ವೈದ್ಯ. ಹಾಲೆಂಡಿನ ಬ್ರೆಡಾ ಎಂಬ ಊರಿನಲ್ಲಿ ೧೭೩೦ರಲ್ಲಿ ಹುಟ್ಟಿದ ಈತನು ೧೭೬೮ರಲ್ಲಿ ವಿಯೆನ್ನಾದ ರಾಜಮನೆತನದವರಿಗೆ ಸಿಡುಬಿನ ರೋಗಪ್ರತಿಬಂಧಕ ಚಿಕಿತ್ಸೆಯನ್ನು ಮಾಡಿ ಹೆಸರು ಗಳಿಸಿದ್ದನು. ಹಸುರೆಲೆಗಳು ಬೆಳಕಿನಲ್ಲಿ ಮಾತ್ರ ಆಮ್ಲಜನಕವನ್ನು ಹೊರಬಿಡುತ್ತವೆಂಬುದನ್ನು ೧೭೭೯ರಲ್ಲಿ ತೋರಿಸಿಕೊಟ್ಟವನೂ ಈತನೇ. ಜೀವಶಾಸ್ತ್ರದ ಪುಸ್ತಕಗಳಲ್ಲಿ ಇವನ ಹೆಸರನ್ನು ಕಂಡವರು ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿಯೂ ಅದನ್ನೇ ಕೇಳಿ ಬೇರೆ ಯಾರೋ ಇರಬೇಕೆಂದು ತಿಳಿಯುತ್ತಾರೆ. ಲೋಹಗಳನ್ನು ಹೀಗೆ ಪರೀಕ್ಷಿಸಬಹುದೆಂಬ ಸೂಚನೆ ಅವನಿಗೆ ಬಂದದ್ದು ಗೆಳೆಯನಾದ ಬೆಂಜಮಿನ್ ಫ್ರಾಂಕ್ಲಿನನಿಂದ.

ಬೇರೆ ಬೇರೆ ಲೋಹಗಳ, ಆದರೆ ಒಂದೇ ದಪ್ಪ ಒಂದೇ ಉದ್ದದ ತಂತಿಗಳನ್ನು ತೆಗೆದುಕೊಂಡು, ಅವುಗಳಿಗೆ ತೆಳ್ಳಗೆ ಮೇಣ ಬಳಿದು, ಎಲ್ಲದರ ಒಂದೊಂದು ತುದಿಯನ್ನೂ ಕಾದ ಎಣ್ಣೆಯಲ್ಲಿ ಅದ್ದಿಡುವುದು. ಯಾವ ತಂತಿಯ ಮೇಲೆ ಮೇಣವು ಎಷ್ಟು ದೂರದವರೆಗೆ ಕರಗಿತೆಂದು ನೋಡುವುದು. ಇದಿಷ್ಟೇ ಪ್ರಯೋಗ. ಮೇಣವು ಒಂದು ಗೊತ್ತಾದ ಉಷ್ಣತೆಯಲ್ಲಿ ಕರಗುವುದರಿಂದ, ಕರಗಿದ ಮೇಣದ ಅಂಚು ಇದ್ದೆಡೆಯಲ್ಲಿ ತಂತಿಯ ಉಷ್ಣತೆ ಇಷ್ಟೇ ಎಂದು ನಮಗೆ ತಿಳಿಯುತ್ತದೆ. ಬೆಳ್ಳಿಯ ಮೇಲೆ ಅಂಚು ಬಹು ದೂರ ಓಡಿತು, ಸೀಸದ ಮೇಲೆ ಬೇಗನೆ ನಿಂತಿತು. ನಮ್ಮ ಹೈಸ್ಕೂಲುಗಳಲ್ಲಿ ಎಣ್ಣೆಗೆ ಬದಲಾಗಿ ಕುದಿಯುವ ನೀರಿನ ತೊಟ್ಟಿಯನ್ನಿಟ್ಟು ಇದನ್ನೇ ಮಾಡಿಸುತ್ತಾರೆ.

ಇಲ್ಲಿ ಒಂದು ತೊಡಕಿದೆ. ಅನೇಕ ವಿದ್ಯಾರ್ಥಿಗಳು ಗಮನಿಸದೆ ಬಿಡುವುದು ಇದನ್ನೇ. ಮೇಣ ಎಷ್ಟು ಬೇಗ ಕರಗುತ್ತದೆಂಬುದು ಒಂದು ಪ್ರಶ್ನೆ. ಕೊನೆಗೆ ಎಷ್ಟು ದೂರ ಕರಗಿ ನಿಲ್ಲುತ್ತದೆಂಬುದು ಇನ್ನೊಂದು. ಒಣಗಿದ ಕಾಲುವೆಗೆ ನೀರು ಬಿಟ್ಟಾಗ ಏನಾಗುತ್ತದೆಂಬುದನ್ನು ರೈತರು ಬಲ್ಲರು. ಮೊದಲು ಬಂದ ನೀರನ್ನು ಕಾಲುವೆಯ ಮಣ್ಣೇ ಕುಡಿದುಬಿಡುತ್ತದೆ. ಮಣ್ಣಿನ ದಾಹ ತೀರಿದಮೇಲೆಯೇ ನೀರು ಮುಂದಕ್ಕೆ ಸಾಗುವುದು. ತಂತಿಯೊಳಗಿನ ಶಾಖದ ಪಾಡೂ ಹಾಗೆಯೇ. ಒಂದೊಂದು ಭಾಗವೂ ತಾನು ಬಿಸಿಯಾಗಲು ಬೇಕಾದಷ್ಟು ಶಾಖವನ್ನು ಮೊದಲು ತಾನು ಇಟ್ಟುಕೊಂಡು ಮಿಕ್ಕದ್ದನ್ನು ಮುಂದಕ್ಕೆ ದಾಟಿಸುತ್ತದೆ. ಈ ದಾಹವು ಎಲ್ಲ ಲೋಹಗಳಲ್ಲಿ ಸಮನಾಗಿಲ್ಲ. ಒಂದೇ ಗಾತ್ರದ ಕಬ್ಬಿಣ ಮತ್ತು ಸೀಸಗಳನ್ನು ತೆಗೆದುಕೊಂಡರೆ, ಒಂದು ಡಿಗ್ರಿ ಬಿಸಿಯಾಗಲು ಕಬ್ಬಿಣಕ್ಕೆ ಬೇಕಾದ ಶಾಖದಲ್ಲಿ ಸೀಸಕ್ಕೆ ಐದರಲ್ಲಿ ಎರಡು ಪಾಲು ಸಾಕು.

ಇದರ ಫಲವೇನೆಂದು ನೋಡಿ. ಕಬ್ಬಿಣದ ವಾಹಕತೆಯ ಅರ್ಧವೂ ಸೀಸಕ್ಕಿಲ್ಲ. ಆದರೂ ಎರಡು ತಂತಿಗಳನ್ನು ಒಟ್ಟಿಗೆ ಅದ್ದಿದರೆ ಮೊದಮೊದಲು ಮೇಣದ ಅಂಚುಗಳು ಹೆಚ್ಚು ಕಡಮೆ ಜೊತೆಜೊತೆಯಾಗಿಯೇ ಓಡುತ್ತವೆ. ಮೆದು ಉಕ್ಕಿನ ತಂತಿಯಾದರೆ, ಅದರ ವಾಹಕತೆ ಸೀಸಕ್ಕಿಂತ ಹೆಚ್ಚಾಗಿದ್ದರೂ, ಆರಂಭದ ಓಟದಲ್ಲಿ ಸೀಸವೇ ಮುಂದು. ಗಡಿಯಾರವನ್ನು ಹಿಡಿದು ನಿಂತು ಯಾವುದು ಮೊದಲು ಕರಗಿತೆಂದು ಬರೆದುಕೊಂಡವನು ಸೀಸವೇ ಉತ್ತಮ ವಾಹಕವೆಂದು ತೀರ್ಮಾನಿಸಿ ಮನೆಗೆ ಹೋಗುತ್ತಾನೆ. ತಾಳ್ಮೆಯಿಂದ ಕಾದವನು ಮಾತ್ರ, ಎಲ್ಲ ಅಂಚುಗಳೂ ನಿಂತಮೇಲೆ, ಕಬ್ಬಿಣವೂ ಉಕ್ಕೂ ಸೀಸವನ್ನು ಹಿಂದೆ ಹಾಕಿರುವುದನ್ನು ಕಾಣುತ್ತಾನೆ.

ಕಾದು ನೋಡಿದವನಿಗೂ ಇನ್ನೊಂದು ಎಡವು ಉಳಿದಿದೆ. ಕಬ್ಬಿಣದ ತಂತಿಯಲ್ಲಿ ಮೇಣ ೧೦ ಸೆಂಟಿಮೀಟರು ಕರಗಿ ನಿಂತಿತು, ತಾಮ್ರದಲ್ಲಿ ೨೨ ಸೆಂಟಿಮೀಟರಿಗೆ ನಿಂತಿತು ಎನ್ನೋಣ. ತಾಮ್ರವು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚಿನ ವಾಹಕವೆಂದು ಹೇಳಬಹುದೆ? ಹೇಳಬಾರದು. ಶಾಖವು ತಂತಿಯ ಉದ್ದಕ್ಕೂ ಸಾಗುವಾಗ ಅಕ್ಕಪಕ್ಕದ ಗಾಳಿಗೂ ಸೋರಿಹೋಗುತ್ತಿರುತ್ತದೆ. ಎರಡು ಪಟ್ಟು ದೂರ ತಲಪಬೇಕಾದರೆ ನಾಲ್ಕು ಪಟ್ಟು ವಾಹಕತೆ ಬೇಕಾಗುತ್ತದೆ. ವಾಹಕತೆಗಳು ದೂರಗಳ ವರ್ಗಗಳಿಗೆ ಅನುಗುಣವಾಗಿರುತ್ತವೆಂಬುದು ಗಣಿತದಿಂದ ಸಿದ್ಧವಾಗುವ ಮಾತು. ಹತ್ತರ ವರ್ಗ ನೂರು, ಇಪ್ಪತ್ತೆರಡರ ವರ್ಗ ನಾನೂರ ಎಂಬತ್ತನಾಲ್ಕು. ತಾಮ್ರವು ಕಬ್ಬಿಣಕ್ಕಿಂತ ಸುಮಾರು ಐದು ಪಟ್ಟು ಉತ್ತಮ ವಾಹಕವೆಂಬುದೇ ನಿಜ.

ಈ ಗಣಿತಕ್ಕೆ ಅಡಿಪಾಯ ಹಾಕಿದವನು ಫ್ರಾನ್ಸಿನ ಜೋಸೆಫ್ ಫೂರಿಯೇ. ೧೮೨೨ರಲ್ಲಿ ಅಚ್ಚಾದ ಅವನ ಗ್ರಂಥದಲ್ಲಿ ವಾಹಕತೆ ಎಂಬುದಕ್ಕೆ ಸ್ಪಷ್ಟವಾದ ಅರ್ಥ ದೊರೆಯಿತು. ಇಂದಿನ ಅಳತೆಯಲ್ಲಿ ಹೇಳುವುದಾದರೆ ಹೀಗೆ: ಒಂದು ಮೀಟರು ದಪ್ಪ, ಒಂದು ಚದರ ಮೀಟರು ಮುಖವುಳ್ಳ ಗಟ್ಟಿಯೊಂದರ ಎರಡು ಮುಖಗಳಿಗೂ ಒಂದು ಡಿಗ್ರಿಯ ಅಂತರವಿದ್ದರೆ, ಅದರ ಮೂಲಕ ಸೆಕೆಂಡಿಗೆ ಎಷ್ಟು ಶಾಖ ಹರಿಯುತ್ತದೋ ಅದನ್ನು ವಾಟ್‌ಗಳಲ್ಲಿ ಹೇಳಿದರೆ ಆ ಪದಾರ್ಥದ ಉಷ್ಣವಾಹಕತೆಯಾಯಿತು. ಬೆಳ್ಳಿಗೆ ಈ ಅಂಕಿ ಸುಮಾರು ೪೩೦, ತಾಮ್ರಕ್ಕೆ ೪೦೦, ಚಿನ್ನಕ್ಕೆ ೩೨೦, ಅಲ್ಯೂಮಿನಿಯಮ್ಮಿಗೆ ೨೪೦ಕ್ಕೆ ಸಮೀಪ. ಕಬ್ಬಿಣ ೮೦ಕ್ಕೂ ಸೀಸ ೩೫ಕ್ಕೂ ಇಳಿಯುತ್ತವೆ. ಲೋಹಗಳನ್ನು ದಾಟಿದೊಡನೆ ದೊಡ್ಡ ಇಳಿಜಾರು: ಗ್ರಾನೈಟು ಕಲ್ಲು ೩, ಮಂಜುಗಡ್ಡೆ ೨, ಗಾಜು ೧, ನೀರು ೦.೬, ಮರವು ೦.೧ರಿಂದ ೦.೨. ಹಿಂಜಿದ ಹತ್ತಿಗೆ ೦.೦೪, ಅಲುಗಾಡದೆ ನಿಂತ ಗಾಳಿಗೆ ೦.೦೨೬ ಮಾತ್ರ. ಬೆಳ್ಳಿಗೂ ಗಾಳಿಗೂ ಇರುವ ಅಂತರ ಹದಿನಾರು ಸಾವಿರ ಪಟ್ಟು.

ಈ ಅಂತರ ದೊಡ್ಡದೆಂದು ತೋರಬಹುದು. ಆದರೆ ವಿದ್ಯುತ್ತಿನೊಡನೆ ಹೋಲಿಸಿದರೆ ಇದು ಏನೇನೂ ಅಲ್ಲ. ತಾಮ್ರವು ಗಾಜಿಗಿಂತ ಎಷ್ಟು ಪಟ್ಟು ಉತ್ತಮ ವಿದ್ಯುದ್ವಾಹಕವೆಂದು ಬರೆಯಹೊರಟರೆ ಒಂದರ ಮುಂದೆ ಹದಿನೆಂಟು ಸೊನ್ನೆಗಳನ್ನಾದರೂ ಇಡಬೇಕಾಗುತ್ತದೆ. ವಿದ್ಯುತ್ತನ್ನು ಪಿಂಗಾಣಿಯ ಒಂದು ಗುಬ್ಬಿಯಿಂದ ತಡೆದು ನಿಲ್ಲಿಸಬಹುದು. ಶಾಖವನ್ನು ಪೂರ್ಣವಾಗಿ ತಡೆಯುವ ವಸ್ತುವೇ ಇಲ್ಲ. ಅದನ್ನು ನಿಧಾನಗೊಳಿಸಬಹುದು, ಅಷ್ಟೆ. ಎಷ್ಟು ಒಳ್ಳೆಯ ಫ್ಲಾಸ್ಕಿನಲ್ಲಿಟ್ಟರೂ ಕಾಫಿ ಕೊನೆಗೆ ಆರುವುದು ಈ ಕಾರಣದಿಂದ.

ಲೋಹಗಳಿಗೆ ಮಾತ್ರ ಈ ಹಿರಿಮೆ ಏಕೆ ಬಂದಿತು? ಇದರ ಸುಳಿವನ್ನು ಕಂಡವರು ಗುಸ್ಟಾಫ್ ವೀಡ್‌ಮನ್ ಮತ್ತು ರುಡಾಲ್ಫ್ ಫ್ರಾಂಟ್ಸ್ ಎಂಬ ಇಬ್ಬರು ಜರ್ಮನರು. ಲೋಹಗಳನ್ನು ಶಾಖವಾಹಕತೆಯ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ, ಅದೇ ಅವುಗಳ ವಿದ್ಯುದ್ವಾಹಕತೆಯ ಸಾಲೂ ಆಗುತ್ತದೆಂದು ಅವರು ೧೮೫೩ರಲ್ಲಿ ತೋರಿಸಿದರು. ಕ್ರಮ ಮಾತ್ರವಲ್ಲ, ಪ್ರಮಾಣವೂ ಬಹುಮಟ್ಟಿಗೆ ಒಂದೇ: ತಾಮ್ರವು ಸೀಸಕ್ಕಿಂತ ಶಾಖವನ್ನು ಹನ್ನೊಂದು ಪಟ್ಟು, ವಿದ್ಯುತ್ತನ್ನು ಹನ್ನೆರಡು ಪಟ್ಟು ಚೆನ್ನಾಗಿ ಒಯ್ಯುತ್ತದೆ. ಎರಡು ಹೊರೆಗಳನ್ನೂ ಹೊರುವ ಆಳು ಒಬ್ಬನೇ ಇರಬೇಕು. ಆ ಆಳು ಯಾರೆಂಬುದು ೧೮೯೭ರಲ್ಲಿ ಎಲೆಕ್ಟ್ರಾನು ಪತ್ತೆಯಾದಮೇಲೆ ತಿಳಿಯಿತು. ಲೋಹದಲ್ಲಿ ಯಾವ ಒಂದು ಪರಮಾಣುವಿಗೂ ಕಟ್ಟುಬೀಳದೆ ಅಲೆಯುವ ಎಲೆಕ್ಟ್ರಾನುಗಳು ಅಪಾರವಾಗಿವೆ. ಬಿಸಿಯಾದ ಕಡೆ ಚೈತನ್ಯವನ್ನು ಪಡೆದು ತಂಪಾದ ಕಡೆಗೆ ಅದನ್ನು ದಾಟಿಸುವವು ಅವೇ. ಒಂದು ಲೋಹಕ್ಕೆ ಇನ್ನೊಂದನ್ನು ಬೆರಸಿದಾಗ ಪರಮಾಣುಗಳ ಸಾಲು ಕೆಟ್ಟು ಈ ಅಲೆದಾಟಕ್ಕೆ ಅಡಚಣೆಯಾಗುತ್ತದೆ. ತಾಮ್ರಕ್ಕೆ ೪೦೦, ಸತುವಿಗೆ ೧೧೬; ಇವು ಕೂಡಿದ ಹಿತ್ತಾಳೆಗೆ, ಅದರಲ್ಲಿ ತಾಮ್ರದ ಪಾಲೇ ಹೆಚ್ಚಾಗಿದ್ದರೂ, ೧೧೦ರಿಂದ ೧೨೦! ಕಬ್ಬಿಣಕ್ಕೆ ಕ್ರೋಮಿಯಮ್ಮೂ ನಿಕ್ಕಲ್ಲೂ ಸೇರಿ ಆದ ತುಕ್ಕುಹಿಡಿಯದ ಉಕ್ಕಿಗೆ ೧೫ ಮಾತ್ರ. ಸ್ಟೀಲು ಪಾತ್ರೆಯಲ್ಲಿ ಉರಿಯ ನೇರಕ್ಕೆ ಇರುವ ಅನ್ನ ಸೀದು ಸುತ್ತಲಿನದು ಬೇಯದೆ ಉಳಿಯುವುದಕ್ಕೂ, ಅಂತಹ ಪಾತ್ರೆಗಳ ತಳಕ್ಕೆ ತಾಮ್ರದ ಹೊದಿಕೆ ಕೊಡುವುದಕ್ಕೂ ಕಾರಣ ಇದೇ.

ವಾಹಕತೆ ಹೆಚ್ಚಿದ್ದ ಮಾತ್ರಕ್ಕೆ ಅಡಿಗೆಗೆ ಮೇಲೆಂದೂ ತಿಳಿಯಬಾರದು. ದೋಸೆಗೆ ನಮ್ಮವರು ದಪ್ಪ ಕಬ್ಬಿಣದ ಕಾವಲಿಯನ್ನೇ ಆರಿಸಿಕೊಂಡರು. ಅದು ಕಾಯುವುದು ತಡ. ಆದರೆ ಕಾದಮೇಲೆ ತಣ್ಣನೆಯ ಹಿಟ್ಟು ಬಿದ್ದರೂ ಜಗ್ಗದಷ್ಟು ಶಾಖವನ್ನು ಒಡಲಲ್ಲಿ ಇಟ್ಟುಕೊಂಡಿರುತ್ತದೆ.

ಎಲೆಕ್ಟ್ರಾನುಗಳ ಈ ನಿಯಮವನ್ನು ಮೀರಿ ನಿಂತ ಪದಾರ್ಥವೊಂದಿದೆ. ವಜ್ರದಲ್ಲಿ ಅಲೆಯುವ ಎಲೆಕ್ಟ್ರಾನುಗಳಿಲ್ಲ. ಅದು ವಿದ್ಯುತ್ತಿಗೆ ಅವಾಹಕ. ಆದರೂ ಶುದ್ಧವಾದ ವಜ್ರದ ಉಷ್ಣವಾಹಕತೆ ೨,೦೦೦ವನ್ನೂ ಮುಟ್ಟುತ್ತದೆ, ಎಂದರೆ ತಾಮ್ರದ ಐದರಷ್ಟು. ಹಗುರವಾದ ಇಂಗಾಲದ ಪರಮಾಣುಗಳು ಅಲ್ಲಿ ಅತ್ಯಂತ ಬಿಗಿಯಾಗಿ, ಅತ್ಯಂತ ಕ್ರಮವಾಗಿ ಹೆಣೆದುಕೊಂಡಿರುವುದರಿಂದ, ಒಂದು ಕಡೆ ಹುಟ್ಟಿದ ಕಂಪನವು ಚದರದೆ ಇನ್ನೊಂದು ಕಡೆಗೆ ಸಾಗುತ್ತದೆ. ರತ್ನಪಡಿ ವ್ಯಾಪಾರಿಗಳು ಇಂದು ಬಳಸುವ ಸಣ್ಣದೊಂದು ಉಪಕರಣವು ಇದನ್ನೇ ಆಧಾರವಾಗಿಟ್ಟುಕೊಂಡಿದೆ: ಕಾದ ಸೂಜಿಯ ಮೊನೆಯನ್ನು ಹರಳಿಗೆ ತಾಗಿಸಿದರೆ, ಗಾಜಿನ ಹರಳು ಸುಮ್ಮನಿರುತ್ತದೆ, ವಜ್ರವು ಆ ಕಾವನ್ನು ಹೀರಿಕೊಂಡುಬಿಡುತ್ತದೆ.

ಇನ್ನು ಏಣಿಯ ಕೆಳಗಿನ ಮೆಟ್ಟಿಲುಗಳಿಗೆ ಬರೋಣ. ಅಮೆರಿಕದಲ್ಲಿ ಹುಟ್ಟಿ ಬವೇರಿಯಾದ ದೊರೆಯ ಸೇವೆಯಲ್ಲಿದ್ದ ರಮ್‌ಫರ್ಡನಿಗೆ ಸೈನಿಕರ ಉಡುಪಿನ ಚಿಂತೆಯಿದ್ದಿತು: ಒಂದೇ ತೂಕದ ಯಾವ ಬಟ್ಟೆ ಹೆಚ್ಚು ಬೆಚ್ಚಗಿಡುತ್ತದೆ? ಅವನು ಉಷ್ಣಮಾಪಕದ ಬುಡ್ಡಿಯನ್ನು ದೊಡ್ಡದೊಂದು ಗಾಜಿನ ಗೋಳದೊಳಗಿಟ್ಟು, ನಡುವಣ ತೆರವಿನಲ್ಲಿ ಸುಮಾರು ಒಂದು ಗ್ರಾಂ ತೂಕದ ಹತ್ತಿ, ಉಣ್ಣೆ, ರೇಷ್ಮೆ ಮುಂತಾದುವನ್ನು ಒಂದಾದಮೇಲೊಂದರಂತೆ ತುಂಬಿ, ಬಿಸಿನೀರಿನಿಂದ ಮಂಜಿಗೆ ಸಾಗಿಸಿ, ಉಷ್ಣತೆ ಗೊತ್ತಾದಷ್ಟು ಇಳಿಯಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಎಣಿಸಿದನು. ೧೭೯೨ರಲ್ಲಿ ಪ್ರಕಟವಾದ ಅವನ ಅಂಕಿಗಳಲ್ಲಿ ಬರಿಯ ಗಾಳಿಗೆ ೫೭೬, ಹತ್ತಿಗೆ ೧,೦೪೬, ಉಣ್ಣೆಗೆ ೧,೧೧೮, ಮೊಲದ ತುಪ್ಪಟಕ್ಕೆ ೧,೩೧೫ ಸೆಕೆಂಡು. ಇವೆಲ್ಲಕ್ಕಿಂತ ನಮಗೆ ಸ್ವಾರಸ್ಯವಾಗಿ ಕಾಣುವುದು ರೇಷ್ಮೆಯ ಸಂಗತಿ. ಹಿಂಜಿದ ಕಚ್ಚಾ ರೇಷ್ಮೆಗೆ ೧,೨೮೪ ಸೆಕೆಂಡು ಹಿಡಿಯಿತು; ಅಷ್ಟೇ ತೂಕದ ರೇಷ್ಮೆಯನ್ನು ಹುರಿಮಾಡಿದ ನೂಲಿಗೆ ೯೧೭. ಪದಾರ್ಥ ಒಂದೇ, ತೂಕ ಒಂದೇ. ವ್ಯತ್ಯಾಸವಾದದ್ದು ಎಳೆಗಳ ನಡುವೆ ಗಾಳಿ ಸಿಕ್ಕಿಕೊಳ್ಳುವ ಬಗೆಯಲ್ಲಿ ಮಾತ್ರ. ಬರಿಯ ಗಾಳಿಯನ್ನು ಬಿಟ್ಟರೆ ಅದು ಸುತ್ತಿ ಸುಳಿದು ಶಾಖವನ್ನು ಹೊತ್ತೊಯ್ಯುತ್ತದೆ. ನವಿರಾದ ಎಳೆಗಳು ಅದನ್ನು ಕಟ್ಟಿಹಾಕಿದರೆ ಅದರಂತಹ ಅವಾಹಕ ಇನ್ನೊಂದಿಲ್ಲ. ಕೌದಿಯಲ್ಲಿ ನಮ್ಮನ್ನು ಬೆಚ್ಚಗಿಡುವುದು ಹಳೆಯ ಬಟ್ಟೆಗಿಂತ ಹೆಚ್ಚಾಗಿ ಅದರ ಪದರಗಳ ನಡುವಣ ಗಾಳಿಯೇ.

ಅಡಿಗೆಮನೆಯ ಮಸಿಬಟ್ಟೆಯನ್ನು ಈ ಬೆಳಕಿನಲ್ಲಿ ನೋಡಿದರೆ ಒಂದು ಅಪಾಯ ಸ್ಪಷ್ಟವಾಗುತ್ತದೆ. ಒಣಗಿದ ಮಸಿಬಟ್ಟೆಯಿಂದ ಕುದಿಯುವ ಸಾರಿನ ಪಾತ್ರೆಯನ್ನು ನಿರಾತಂಕವಾಗಿ ಇಳಿಸಬಹುದು. ಅದೇ ಬಟ್ಟೆ ಒದ್ದೆಯಾಗಿದ್ದರೆ ಎಳೆಗಳ ನಡುವೆ ಗಾಳಿ ಇದ್ದಲ್ಲೆಲ್ಲ ನೀರು ನಿಂತಿರುತ್ತದೆ. ನೀರಿನ ವಾಹಕತೆ ಗಾಳಿಯ ಇಪ್ಪತ್ತಮೂರರಷ್ಟು. ಪಾತ್ರೆಯನ್ನು ಎತ್ತಿ ಎರಡು ಹೆಜ್ಜೆ ಇಡುವಷ್ಟರಲ್ಲಿ ಕಾವು ಬೆರಳಿಗೆ ಬಂದಿರುತ್ತದೆ, ಪಾತ್ರೆಯನ್ನು ಕೈಬಿಡುವಂತೆಯೂ ಇಲ್ಲ, ಹಿಡಿಯುವಂತೆಯೂ ಇಲ್ಲ. ಒದ್ದೆ ಬಟ್ಟೆ ತಂಪಾದ್ದರಿಂದ ಕೈಗೆ ಹಿತವೆಂದು ನಂಬಿ ಸುಟ್ಟುಕೊಂಡವರ ಸಂಖ್ಯೆ ಸಣ್ಣದಲ್ಲ.

ಇಲ್ಲಿಯವರೆಗೆ ಹೇಳಿದ್ದು ಬೆರಳಿನ ಮಾತು. ಈ ವಾಹಕತೆಯನ್ನು ನಂಬಿ ಜನ ತಮ್ಮ ಪ್ರಾಣವನ್ನೇ ಒಪ್ಪಿಸಿದ ಸಂದರ್ಭವೂ ಒಂದುಂಟು. ಇಂಗ್ಲೆಂಡಿನ ಫೆಲ್ಲಿಂಗ್ ಎಂಬಲ್ಲಿಯ ಕಲ್ಲಿದ್ದಲ ಗಣಿಯಲ್ಲಿ ೧೮೧೨ನೆಯ ಮೇ ೨೫ರಂದು ಭಾರಿ ಸ್ಫೋಟವಾಗಿ ೯೨ ಮಂದಿ ಸತ್ತರು. ಸತ್ತವರಲ್ಲಿ ಹುಡುಗರೂ ಇದ್ದರು. ಕಲ್ಲಿದ್ದಲ ಪದರಗಳಿಂದ ಮೀಥೇನ್ ಎಂಬ ಅನಿಲ ಸೋರುತ್ತಿರುತ್ತದೆ. ಗಾಳಿಯೊಡನೆ ಬೆರೆತ ಆ ಅನಿಲಕ್ಕೆ ಗಣಿಗಾರನ ದೀಪದ ಉರಿ ತಾಗಿದರೆ ಸಾಕು, ಸುರಂಗವೇ ಸಿಡಿಯುತ್ತದೆ. ದೀಪವಿಲ್ಲದೆ ಕೆಲಸವಿಲ್ಲ, ದೀಪವಿದ್ದರೆ ಸಾವು. ಇದಕ್ಕೆ ಉಪಾಯವನ್ನು ಹುಡುಕಬೇಕೆಂದು ೧೮೧೫ರಲ್ಲಿ ಹಂಫ್ರಿ ಡೇವಿಯನ್ನು ಕೇಳಿಕೊಂಡರು.

ಉರಿಯು ಬಹು ಕಿರಿದಾದ ಲೋಹದ ಕೊಳವೆಯ ಮೂಲಕ ಹಾದುಹೋಗಲಾರದೆಂಬುದನ್ನು ಡೇವಿ ಪ್ರಯೋಗಗಳಿಂದ ಕಂಡುಕೊಂಡನು. ಕೊಳವೆಯ ಗೋಡೆ ಉರಿಯ ಶಾಖವನ್ನು ಹೀರಿಬಿಡುತ್ತದೆ. ಶಾಖ ಹೋದರೆ ಉರಿಯೂ ಹೋಯಿತು. ಕೊಳವೆ ಕಿರಿದಾದಷ್ಟೂ ಅದರ ಉದ್ದವನ್ನು ಕಡಮೆ ಮಾಡಬಹುದು. ಕೊನೆಗೆ ಕೊಳವೆಗಳ ಬದಲು ತಂತಿಯ ಬಲೆಯೇ ಸಾಕಾಯಿತು. ದೀಪದ ಸುತ್ತ ಲೋಹದ ಸಣ್ಣ ಬಲೆಯನ್ನು ಗೂಡಿನಂತೆ ಮುಚ್ಚಿದನು. ಒಂದು ಚದರ ಅಂಗುಲದ ಬಲೆಯಲ್ಲಿ ೭೮೪ ಕಂಡಿಗಳು. ಗಾಳಿ ಒಳಗೆ ಬರುತ್ತದೆ, ಬೆಳಕು ಹೊರಗೆ ಹೋಗುತ್ತದೆ. ಗಣಿಯ ಅನಿಲವೂ ಒಳಹೊಕ್ಕು ಗೂಡಿನೊಳಗೇ ಉರಿಯುತ್ತದೆ. ಆದರೆ ಆ ಉರಿಯ ಶಾಖವನ್ನು ತಂತಿಗಳು ಸುತ್ತಲೂ ಹಂಚಿಬಿಡುವುದರಿಂದ ಬಲೆಯ ಹೊರಗಿನ ಅನಿಲ ಹೊತ್ತಿಕೊಳ್ಳುವಷ್ಟು ಬಿಸಿಯಾಗುವುದಿಲ್ಲ. ೧೮೧೬ರ ಜನವರಿಯಲ್ಲಿ ಈ ದೀಪವನ್ನು ಗಣಿಗಳಲ್ಲಿ ಪರೀಕ್ಷಿಸಿ ನೋಡಿದರು. ಡೇವಿ ಅದಕ್ಕೆ ಪೇಟೆಂಟು ತೆಗೆದುಕೊಳ್ಳಲಿಲ್ಲ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿನಲ್ಲಿ ಇದನ್ನು ನೋಡಬಹುದು: ಅನಿಲದ ಬರ್ನರಿನ ಮೇಲೆ ಒಂದೆರಡು ಅಂಗುಲ ಎತ್ತರದಲ್ಲಿ ತಂತಿಬಲೆಯನ್ನು ಹಿಡಿದು ಬಲೆಯ ಮೇಲುಗಡೆ ಬೆಂಕಿ ತಾಗಿಸಿದರೆ, ಉರಿಯು ಮೇಲೆಯೇ ಉರಿಯುತ್ತದೆ, ಕೆಳಗೆ ಅದೇ ಅನಿಲವಿದ್ದರೂ ಅಲ್ಲಿಗೆ ಇಳಿಯುವುದಿಲ್ಲ.

ಈ ಕಥೆಯನ್ನು ಇಲ್ಲಿಗೇ ಮುಗಿಸಿಬಿಡುವ ಪುಸ್ತಕಗಳು ಪೂರ್ಣ ಸತ್ಯವನ್ನು ಹೇಳಿದಂತಾಗುವುದಿಲ್ಲ. ಬಲೆಯಲ್ಲಿ ಒಂದು ತಂತಿ ತುಂಡಾದರೆ, ಗಾಳಿ ಬಲವಾಗಿ ಬೀಸಿ ಉರಿಯನ್ನು ಬಲೆಗೆ ಒತ್ತಿದರೆ, ಬಲೆಯೇ ಕಾದು ಕೆಂಪಾದರೆ, ರಕ್ಷಣೆ ತಪ್ಪಿತು. ಶಾಖವನ್ನು ಒಯ್ಯಬೇಕಾದ ಲೋಹ ತಾನೇ ಬೆಂಕಿಯನ್ನು ಹೊತ್ತಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಅಪಾಯಕರವೆಂದು ಮುಚ್ಚಿದ್ದ ಪದರಗಳಿಗೆ ಈ ದೀಪದ ಭರವಸೆಯ ಮೇಲೆ ಗಣಿಗಾರರನ್ನು ಮತ್ತೆ ಇಳಿಸಿದರು. ಸ್ಫೋಟಗಳು ನಿಲ್ಲಲಿಲ್ಲ.

ಗಣಿಗೆ ಇಳಿದದ್ದಾಯಿತು, ಸುತ್ತಲಿನ ಬಂಡೆಯ ಮಾತನ್ನೂ ಆಡಬಹುದು. ೨೦೦೧ರಲ್ಲಿ ಮುಚ್ಚಿದ ನಮ್ಮ ಕೋಲಾರದ ಚಿನ್ನದ ಗಣಿಗಳು ಮೂರು ಕಿಲೋಮೀಟರಿಗೂ ಮಿಕ್ಕಿ ಆಳಕ್ಕೆ ಹೋಗಿದ್ದುವು. ಅಷ್ಟು ಕೆಳಗೆ ಬಂಡೆಯ ಉಷ್ಣತೆ ೬೦ ಡಿಗ್ರಿಗೂ ಹೆಚ್ಚು. ಮೇಲಿನಿಂದ ತಂಪುಗೊಳಿಸಿದ ಗಾಳಿಯನ್ನು ಕಳಿಸದೆ ಅಲ್ಲಿ ಮನುಷ್ಯರು ಕೆಲಸಮಾಡುವಂತೆಯೇ ಇರಲಿಲ್ಲ. ಆಳಕ್ಕೆ ಹೋದಂತೆ ಭೂಮಿ ಬಿಸಿಯಾಗುತ್ತದೆಂದರೆ, ಒಳಗಿನ ಕಾವು ಸದಾ ಹೊರಕ್ಕೆ ಹರಿಯುತ್ತಿದೆಯೆಂದೇ ಅರ್ಥ. ಬಂಡೆಯ ವಾಹಕತೆ ಗೊತ್ತಿದ್ದರೆ ಎಷ್ಟು ಹರಿಯುತ್ತಿದೆಯೆಂದು ಲೆಕ್ಕ ಹಾಕಬಹುದು. ಎಷ್ಟು ಕಾಲದಿಂದ ಹರಿಯುತ್ತಿದೆಯೆಂದೂ ಹೇಳಬಹುದಲ್ಲವೆ ಎಂದು ಯೋಚಿಸಿದವನು ವಿಲಿಯಂ ಥಾಮ್ಸನ್, ಮುಂದೆ ಕೆಲ್ವಿನ್ ಪ್ರಭುವೆನಿಸಿಕೊಂಡವನು.

ಎಡಿನ್‌ಬರೋ ನಗರದಲ್ಲಿ ಜೇಮ್ಸ್ ಫೋರ್ಬ್ಸ್ ೧೮೩೭ರಲ್ಲಿ ಮೂರು ಕಡೆ ನೆಲದಲ್ಲಿ ಉದ್ದನೆಯ ಉಷ್ಣಮಾಪಕಗಳನ್ನು ಹೂಳಿಸಿದ್ದನು: ಒಂದು ಕಡೆ ಜ್ವಾಲಾಮುಖಿಯಿಂದಾದ ಕರಿಕಲ್ಲು, ಇನ್ನೊಂದು ಕಡೆ ಮರಳು, ಮತ್ತೊಂದು ಕಡೆ ಕ್ರೇಗ್‌ಲೀತ್ ಗಣಿಯ ಮರಳುಗಲ್ಲು. ಬೇಸಿಗೆಯ ಕಾವು ನೆಲದೊಳಕ್ಕೆ ಇಳಿಯಲು ಕಾಲ ಹಿಡಿಯುತ್ತದೆ. ಸುಮಾರು ಎಂಟು ಮೀಟರು ಆಳದ ಕರಿಕಲ್ಲಿಗೆ ಬೇಸಿಗೆ ಬರುವುದು ಮೇಲೆ ನಡುಚಳಿಗಾಲವಿರುವಾಗ! ಮರಳುಗಲ್ಲಿನಲ್ಲಿ ಅದು ಇನ್ನೂ ಬೇಗ ಇಳಿಯುತ್ತದೆ. ಈ ಅಂಕಿಗಳಿಂದ ಕೆಲ್ವಿನನು ಬಂಡೆಗಳ ವಾಹಕತೆಯನ್ನು ಕಂಡುಹಿಡಿದು, ಕರಗಿದ ಸ್ಥಿತಿಯಿಂದ ಭೂಮಿ ಇಂದಿನಷ್ಟು ಆರಲು ೯ ಕೋಟಿ ೮೦ ಲಕ್ಷ ವರ್ಷ ಬೇಕಾಯಿತೆಂದೂ, ಎಷ್ಟೇ ತಪ್ಪಿದರೂ ೨ ಕೋಟಿಗೆ ಕಡಮೆಯಲ್ಲ, ೪೦ ಕೋಟಿಗೆ ಹೆಚ್ಚಲ್ಲವೆಂದೂ ೧೮೬೨ರಲ್ಲಿ ಸಾರಿದನು. ಜೀವಿಗಳ ವಿಕಾಸಕ್ಕೆ ಇಷ್ಟು ಕಾಲ ಸಾಲದೆಂದು ಡಾರ್ವಿನನು ಕಳವಳಗೊಂಡನು.

ಕೆಲ್ವಿನನ ಬಳಿ ಹಿಂದೆ ಸಹಾಯಕನಾಗಿದ್ದ ಜಾನ್ ಪೆರ್ರಿ ೧೮೯೫ರಲ್ಲಿ ಗುರುವಿಗೆ ಎದುರಾಡಿದನು. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಎಂಟು ಮೀ‌ಟರಿನಲ್ಲಿ ಅಳೆದ ವಾಹಕತೆಯೇ ಭೂಮಿಯ ಹೊಟ್ಟೆಯಲ್ಲಿಯೂ ಇದೆಯೆಂದು ಯಾರು ಹೇಳಿದರು? ಒಳಗಿನ ಪದಾರ್ಥವು ಬಹು ನಿಧಾನವಾಗಿಯಾದರೂ ಹರಿಯುವಂಥದಾಗಿದ್ದರೆ, ಅದು ಶಾಖವನ್ನು ತಾನೇ ಹೊತ್ತು ಮೇಲಕ್ಕೆ ತರುತ್ತದೆ. ಆಗ ಒಳಗಿನ ವಾಹಕತೆ ಮೇಲಿನ ಕಲ್ಲಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದಂತಾಗಿ, ಭೂಮಿಯ ವಯಸ್ಸು ನೂರಾರು ಕೋಟಿ ವರ್ಷಗಳಿಗೆ ಏರುತ್ತದೆ. ವಿಕಿರಣಪಟುತ್ವದಿಂದ ಭೂಮಿಯೊಳಗೆ ಹೊಸ ಶಾಖ ಹುಟ್ಟುತ್ತಿರುವುದು ತಿಳಿಯದಿದ್ದುದೇ ಕೆಲ್ವಿನನ ಲೆಕ್ಕ ತಪ್ಪಲು ಕಾರಣವೆಂದು ಅನೇಕ ಪುಸ್ತಕಗಳು ಬರೆಯುತ್ತವೆ. ಅದೂ ಒಂದು ಕಾರಣ. ಆದರೆ ನಮ್ಮ ದೃಷ್ಟಿಯಲ್ಲಿ ಪೆರ್ರಿ ಬೆರಳಿಟ್ಟು ತೋರಿಸಿದ ಕಾರಣವೇ ದೊಡ್ಡದು. ಭೂಮಿಯ ಒಡಲು ಘನವಾಗಿದ್ದರೂ ಯುಗಯುಗಗಳಲ್ಲಿ ನಿಧಾನವಾಗಿ ಸುತ್ತಿ ಹರಿಯುತ್ತದೆಂಬುದು ಇಂದು ಒಪ್ಪಿತವಾದ ವಿಷಯ. ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಾವು ಹತ್ತಿ ಕುಳಿತುಕೊಳ್ಳುವ ಬಂಡೆಯೇ ಸುಮಾರು ೩೦೦ ಕೋಟಿ ವರ್ಷದ್ದು.

ಬಂಡೆಗಳ ವಾಹಕತೆಯನ್ನು ಈಗಲೂ ಅಳೆಯುತ್ತಾರೆ. ಆಳವಾದ ಕೊಳವೆಬಾವಿಯಿಂದ ತೆಗೆದ ಕಲ್ಲನ್ನು ಬಿಲ್ಲೆಯಾಗಿ ಕೊಯ್ದು, ನಯಮಾಡಿ, ಬಿಸಿಯಾದ ಒಂದು ಫಲಕಕ್ಕೂ ತಂಪಾದ ಒಂದು ಫಲಕಕ್ಕೂ ನಡುವೆ ಇಟ್ಟು ನೋಡುತ್ತಾರೆ. ಆ ಅಂಕಿಯನ್ನು ಆಳಕ್ಕೆ ತಕ್ಕಂತೆ ಉಷ್ಣತೆ ಏರುವ ಪ್ರಮಾಣದಿಂದ ಗುಣಿಸಿದರೆ ನಮ್ಮ ಕಾಲಡಿಯಿಂದ ಹೊರಬರುತ್ತಿರುವ ಶಾಖ ಸಿಕ್ಕುತ್ತದೆ. ಭೂಖಂಡಗಳ ಮೇಲೆ ಇದು ಸರಾಸರಿ ಚದರ ಮೀಟರೊಂದಕ್ಕೆ ೬೫ ಮಿಲಿವಾಟ್. ಅರುವತ್ತು ವಾಟಿನ ಒಂದು ದೀಪಕ್ಕೆ ಸಮನಾಗಬೇಕಾದರೆ ಒಂಬೈನೂರು ಚದರ ಮೀಟರಿಗೂ ಹೆಚ್ಚು ನೆಲದ ಕಾವು ಕೂಡಬೇಕು.